ದಾರದಂಗಡಿ ಭಾವನ ಕೆಂಪು ಮನೆ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಬೀದಿಯವರಿಟ್ಟ ಹೆಸರು ಮ್ಯಾಚಿಂಗ್ ಮಾಮ. ಅವರು ಇಟ್ಟಿದ್ದು ಗೇಲಿಗೆ, ಈತ ತಿಳಿದುಕೊಂಡಿದ್ದು ಬಿರುದು ಅಂತ. ಎದುರಿಗೆ ಸಿಕ್ಕರೆ ನಾನೂ "ಬನ್ನಿ ಭಾವ, ಕೂತ್ಕೊಳ್ಳಿ" ಅನ್ನುತ್ತೇನೆ. ಬರೆಯುವಾಗ ಮಾತ್ರ ಬಹುವಚನ ಕೈಗೆ ಹತ್ತುವುದಿಲ್ಲ, ಕ್ಷಮಿಸಬೇಕು. ಕ್ಷಮಿಸದಿದ್ದರೂ ನಡೆಯುತ್ತದೆ.

ಮೂವತ್ತೆರಡು ವರ್ಷ ಆತ ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿ ನಡೆಸಿದ. ದರ್ಜಿಗಳು ಬಟ್ಟೆಯ ತುಂಡು ತಂದುಕೊಟ್ಟರೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ತುಟಿ ಕಚ್ಚಿ, ಒಂದು ಕಣ್ಣು ಮುಚ್ಚಿ, ಗೋಡೆ ತುಂಬ ಇದ್ದ ಡ್ರಾಯರುಗಳಲ್ಲಿ ಒಂದನ್ನೆಳೆದು ಸರಿಯಾದ ಉಂಡೆಯನ್ನೇ ತೆಗೆಯುತ್ತಿದ್ದ. "ಹೊಲಿಗೆ ಹಾಕಿದೀವಿ ಅಂತ ಬಟ್ಟೆಗೂ ಗೊತ್ತಾಗ್ಬಾರ್ದು. ಅದು ಮ್ಯಾಚಿಂಗ್ ಅಂದ್ರೆ" ಎನ್ನುವುದು ಅವನ ಮಾತು. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೊಟ್ಟೆ ಉರಿದರೂ ಒಪ್ಪಿಕೊಳ್ಳುತ್ತೇನೆ. ತೊಂದರೆ ಶುರುವಾದದ್ದು ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೆ. ತಲೆಯಲ್ಲಿದ್ದದ್ದು ಒಂದೇ ವಿದ್ಯೆ, ಅದನ್ನೇ ಕಂಡಕಂಡದ್ದಕ್ಕೆಲ್ಲ ಅಂಟಿಸತೊಡಗಿದ. ಬಕೆಟ್ಟು ನೀಲಿಯಾದರೆ ಮಗ್ಗೂ ನೀಲಿ. ಪರದೆಗೂ ಕಾಲೊರಸಿಗೂ ಒಂದೇ ಬಣ್ಣ. ಮನೆಗೆ ಯಾರಾದರೂ ಬರುತ್ತಾರೆಂದರೆ ಅಕ್ಕ ಸೋಫಾದ ಹೊದಿಕೆಗೆ ಹೊಂದುವ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಅವಳು ಟೀ ತಂದರೆ ಸೋಫಾವೇ ಎದ್ದು ಬಂದ ಹಾಗಿರುತ್ತಿತ್ತು.

"ಹೋಗ್ಲಿ ಬಿಡೆ, ಅದರಿಂದ ಯಾರಿಗೇನು ನಷ್ಟ?" ಎಂದು ಅಕ್ಕ ನಗುತ್ತಿದ್ದಳು. ಅವಳಿಗೆ ಸಿಟ್ಟು ಬರುವುದಿಲ್ಲ. ಅವಳ ಪಾಲಿನದೂ ನನಗೇ ಬಂದಿದೆ.

ಅಕ್ಕನ ಕಣ್ಣು ನಾಲ್ಕು ವರ್ಷದಿಂದ ಕೆಟ್ಟಿದೆ. ಒಳಗಿನ ಪರದೆ ಸವೆದಿದೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದಾರೆ. ಹಾಗಂತ ಪೂರ್ತಿ ಕತ್ತಲೆಯೇನಲ್ಲ. ಕಪ್ಪಿನ ಪಕ್ಕ ಬಿಳಿ ಇದ್ದರೆ ಅಂಚು ಕಾಣುತ್ತದೆ. ಒಂದೇ ಥರದ ಬಣ್ಣಗಳು ಪಕ್ಕಪಕ್ಕ ಬಂದರೆ ಎಲ್ಲ ಕಲಸಿಹೋಗುತ್ತದೆ. ಅಷ್ಟರಲ್ಲೇ ಅವಳು ದಿನಾ ಬೆಳಿಗ್ಗೆ ಹತ್ತಕ್ಕೆ, ಒಬ್ಬಳೇ ನಡೆದುಕೊಂಡು, ಎರಡು ಬೀದಿಯಾಚೆ ಇರುವ ನನ್ನ ಲಾಂಡ್ರಿಗೆ ಬರುತ್ತಿದ್ದಳು. ಇಸ್ತ್ರಿ ನನ್ನದು, ಮಡಚುವುದು ಅವಳದು. ಕಣ್ಣಿನ ಕೆಲಸವನ್ನೆಲ್ಲ ಬೆರಳು ಮಾಡುತ್ತಿತ್ತು. ಅವಳು ಮಡಚಿದ ಅಂಗಿಯಲ್ಲಿ ಒಂದು ಸುಕ್ಕು ತೋರಿಸಿದವರಿಗೆ ಅಂಗಡಿಯನ್ನೇ ಬರೆದುಕೊಡುತ್ತೇನೆ. ಊರವರ ಬಟ್ಟೆ ಮಡಚುತ್ತ, ಊರವರನ್ನು ಆಡಿಕೊಳ್ಳುತ್ತ ಮಧ್ಯಾಹ್ನ ಮಾಡುತ್ತಿದ್ದೆವು. ಮದುವೆಯಾದಂದಿನಿಂದ ಅವಳದೇ ಅಂತ ಇದ್ದದ್ದು ಆ ಮೂರು ಗಂಟೆ ಮಾತ್ರ.

ಅವರ ಮನೆ ಕೆಂಪು ಇಟ್ಟಿಗೆಯದು, ಗಾರೆ ಬಳಿಯದ ಗೋಡೆ. ಬಾಗಿಲಿನಿಂದ ಅಂಗಳಕ್ಕೆ ಆರು ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಕೂಡ ಇಲ್ಲ. ಬೂದು ಸಿಮೆಂಟಿನ ಆ ಮೆಟ್ಟಿಲುಗಳ ಅಂಚಿಗೆ ಹಿಂದಿನ ಮಾಲೀಕ ಯಾವ ಕಾಲದಲ್ಲೋ ಬಿಳಿ ಪಟ್ಟೆ ಎಳೆದಿದ್ದ. ಬಾಗಿಲು ಕಡುನೀಲಿ. ನೋಡಲು ಚಂದವೇನಿರಲಿಲ್ಲ. ಆದರೆ ಅಕ್ಕ ಇಳಿಯುತ್ತಿದ್ದದ್ದು ಆ ಪಟ್ಟೆಗಳನ್ನು ನಂಬಿಕೊಂಡು, ವಾಪಸು ಬರುವಾಗ ಮನೆ ಗುರುತಿಸುತ್ತಿದ್ದದ್ದು ಆ ನೀಲಿಯಿಂದ. ಜೊತೆಯಲ್ಲಿ ಮೂವತ್ತೈದು ವರ್ಷ ಬಾಳಿದ ಮನುಷ್ಯನಿಗೆ ಇದು ಗೊತ್ತಿರಬೇಕಿತ್ತು. ದಾರದ ಸಾವಿರ ಛಾಯೆ ನೆನಪಿಟ್ಟುಕೊಂಡವನಿಗೆ ಇದೊಂದು ಭಾರವಾಯಿತೇ?

ಈ ವರ್ಷ ಹೊರಗಡೆ ಬಾಗಿಲು, ಮೆಟ್ಟಿಲಿಗೆಲ್ಲ ಬಣ್ಣ ಹೊಡೆಸಬೇಕೆಂಬ ಹುಚ್ಚು ಅವನ ತಲೆಗೇರಿತು. ಗೋಡೆಯ ಮೂಲೆಯಿಂದ ಹೆಬ್ಬೆರಳಷ್ಟು ಇಟ್ಟಿಗೆ ಕೆತ್ತಿ ಜೇಬಿಗಿಳಿಸಿಕೊಂಡು ಬಣ್ಣದಂಗಡಿಗೆ ಹೋದ. ಒಂದಲ್ಲ, ಮೂರು ಅಂಗಡಿ. ಆ ಚೂರನ್ನು ಒಡವೆಯ ಹಾಗೆ ಕೌಂಟರಿನ ಮೇಲಿಟ್ಟು, ಬಣ್ಣದ ಪಟ್ಟಿ ಪಕ್ಕದಲ್ಲಿ ಹಿಡಿದು, "ಇದರಲ್ಲಿ ಹಳದಿ ಜಾಸ್ತಿ, ಇದರಲ್ಲಿ ಜೀವ ಇಲ್ಲ" ಎಂದು ಎಲ್ಲವನ್ನೂ ಪಕ್ಕಕ್ಕೆ ಸರಿಸಿದನಂತೆ.

"ಸರ್, ಕೆಂಪು ಇಟ್ಟಿಗೆಗೆ ಕೆನೆ ಬಣ್ಣ, ಬೂದು, ಕಡುಹಸಿರು ಇಂಥವು ಒಪ್ಪುತ್ವೆ. ಕೆಂಪಿಗೆ ಕೆಂಪು ಯಾರೂ ಹಾಕಲ್ಲ" ಎಂದನಂತೆ ಅಂಗಡಿಯವನು.

"ನಿನಗೆ ಮಾರೋದು ಗೊತ್ತಪ್ಪ, ನೋಡೋದು ಗೊತ್ತಿಲ್ಲ" ಎಂದು ಈತ ಉತ್ತರ ಕೊಟ್ಟನಂತೆ. ಇಷ್ಟನ್ನೂ ಎದೆಯುಬ್ಬಿಸಿಕೊಂಡು ಹೇಳಿದವನು ಈತನೇ.

ಆಮೇಲೆ ಮೆಟ್ಟಿಲ ಪಕ್ಕಕ್ಕೆ ಐದು ಚೌಕ ಬಳಿಸಿ ದಾರಿಹೋಕರ ಅಭಿಪ್ರಾಯ ಕೇಳುವ ಕಾರ್ಯಕ್ರಮ ಶುರುವಾಯಿತು. ಐದೂ ಕೆಂಪೇ, ವ್ಯತ್ಯಾಸ ಅವನಿಗೊಬ್ಬನಿಗೇ ಗೊತ್ತು. ಪಕ್ಕದ ಮನೆಯ ನಿವೃತ್ತ ಗುಮಾಸ್ತನನ್ನು ಕೇಳಿದ, ಅಂಚೆಯವಳನ್ನು ಕೇಳಿದ, ಗ್ಯಾಸ್ ಸಿಲಿಂಡರ್ ತಂದವನನ್ನು ಹೆಗಲ ಭಾರ ಇಳಿಸುವುದಕ್ಕೂ ಬಿಡದೆ ಕೇಳಿದ. ಭಾವನ ಬೆರಳು ಮೂರನೆಯ ಚೌಕದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು, ಹಾಗಾಗಿ ಎಲ್ಲರೂ ಮೂರನೆಯದೇ ಚೆನ್ನ ಅಂದರು. ಬಣ್ಣ ಬಳಿಯಲು ಬಂದವನೊಬ್ಬ ಮಾತ್ರ ತಲೆ ಕೆರೆದುಕೊಂಡ.

"ಮೆಟ್ಟಿಲಿಗಾದ್ರೂ ಬೇರೆ ಬಣ್ಣ ಇರ್ಲಿ ಸರ್. ಕಾಲಿಡೋ ಜಾಗ ಕಾಣ್ಬೇಕಲ್ಲ."

"ಹೊಲಿಗೆ ಕಾಣೋ ಹಾಗೆ ಯಾರಾದ್ರೂ ಹೊಲೀತಾರೇನಯ್ಯಾ?"

ಅವನು ಡಬ್ಬ ತೆರೆದ.

ಅದಕ್ಕೆ ಮುಂಚೆ ಭಾವ ನನ್ನನ್ನೂ ಕೇಳಿದ್ದ. ಆ ಮನೆಯಲ್ಲಿ ಯಾವ ವಿಷಯಕ್ಕೂ ನನ್ನ ಮಾತು ಕೇಳಿದವರಿರಲಿಲ್ಲ, ಉಬ್ಬಿಹೋದೆ. ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಮಹಾ ತಿಳಿದವಳ ಹಾಗೆ ಮೂರನೆಯದನ್ನೇ ತೋರಿಸಿ, "ಇದು ಗೋಡೆಗೆ ಎಷ್ಟು ಚೆನ್ನಾಗಿ ಸೇರುತ್ತೆ ಭಾವ!" ಅಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ. ಆಮೇಲೆ ಸುಮ್ಮನೆ ಮಾತಿಗೆಂದು, "ಅಕ್ಕನ್ನ ಕೇಳಿದ್ರಾ?" ಎಂದೆ.

"ಅವಳಿಗೇನು ಕಾಣುತ್ತೆ ಪಾಪ? ಬಣ್ಣದ ವಿಷಯ ಅವಳನ್ನ ಕೇಳಿ ನೋಯ್ಸೋದು ಯಾಕೆ?"

ಎಷ್ಟು ಸೂಕ್ಷ್ಮ ಮನಸ್ಸು ನೋಡಿ! ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡು ಒಳಗೆ ಹೋದಳು. ಅಷ್ಟು ಜನರಲ್ಲಿ ಬಣ್ಣದಿಂದ ಕೆಲಸವಿದ್ದವಳು ಅವಳೊಬ್ಬಳೇ. ಉಳಿದವರೆಲ್ಲ ಬರೀ ನೋಡುವವರು. ಅದು ಆಗ ನನಗೂ ಹೊಳೆಯಲಿಲ್ಲ.

ಎಂಟು ದಿನಕ್ಕೆ ಕೆಲಸ ಮುಗಿಯಿತು. ಬಾಗಿಲು, ಕಿಟಕಿಯ ಚೌಕಟ್ಟು, ಮೆಟ್ಟಿಲು, ಅಂಗಳದ ನೆಲ, ಎಲ್ಲ ಇಟ್ಟಿಗೆಯಲ್ಲಿ ಇಟ್ಟಿಗೆ. ಅಂಚೆಯವಳು ಕಾಗದ ಹಿಡಿದುಕೊಂಡು ಬಾಗಿಲು ಹುಡುಕಿದಳು. ಅದನ್ನೂ ಆತ ಹೊಗಳಿಕೆ ಅಂದುಕೊಂಡು ವಾರಗಟ್ಟಲೆ ಹೇಳಿಕೊಂಡು ತಿರುಗಿದ.

ಮಾರನೆಯ ದಿನದಿಂದ ಅಕ್ಕ ಲಾಂಡ್ರಿಗೆ ಬರಲಿಲ್ಲ. ಫೋನು ಮಾಡಿದರೆ ಮೊಣಕಾಲು ನೋವು ಅಂದಳು. ಭಾವ ಅಂಗಿ ತೆಗೆದುಕೊಂಡು ಹೋಗಲು ಬಂದವನು, "ಮನೆ ಈಗ ಎಷ್ಟು ಚೆನ್ನಾಗಿದೆ ಅಂದ್ರೆ ಬಿಟ್ಟು ಬರೋಕೆ ಅವಳಿಗೇ ಮನಸ್ಸಾಗ್ತಿಲ್ಲ" ಎಂದು ಹಲ್ಲು ಕಿರಿದ. ನಾನೂ ನಂಬಿದೆ. ಒಬ್ಬಳೇ ಇಸ್ತ್ರಿ ಹಾಕಿ, ಒಬ್ಬಳೇ ಮಡಚಿ, ಅವಳ ಮೇಲೆ ಒಳಗೊಳಗೇ ಮುನಿಸಿಕೊಂಡು ಮೂರು ವಾರ ಕಳೆದೆ.

ಕೊನೆಗೊಂದು ಬೆಳಿಗ್ಗೆ ತಡೆಯಲಾರದೆ ಅಂಗಡಿ ಮುಚ್ಚಿ ಹೋದೆ. ಸರಿಯಾಗಿ ಹತ್ತು ಗಂಟೆ. ಗೇಟಿನ ಹೊರಗಿನಿಂದಲೇ ಕಾಣಿಸಿತು: ಅಕ್ಕ ತಲೆ ಬಾಚಿ, ಹೆಗಲಿಗೆ ಚೀಲ ಹಾಕಿಕೊಂಡು ಹೊಸಿಲಲ್ಲಿ ನಿಂತಿದ್ದಾಳೆ. ಒಂದು ಕಾಲು ಮುಂದೆ ಚಾಚಿ ಹೆಬ್ಬೆರಳಿನಿಂದ ಗಾಳಿಯನ್ನು ತಡವಿದಳು. ವಾಪಸು ತೆಗೆದಳು. ಮತ್ತೆ ಚಾಚಿದಳು. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಕೈ ಬಿಡಲು ಧೈರ್ಯವಾಗದೆ ಹಿಂದಕ್ಕೆ ಸರಿದಳು.

ನಾನು ಓಡಿಹೋಗಿ ಕೈ ಹಿಡಿದೆ. "ದಿನಾ ಹೊರಡ್ತೀನಿ ಕಣೆ" ಅಂದಳು. "ಇಲ್ಲಿವರೆಗೂ ಬರ್ತೀನಿ. ಯಾವ ಮೆಟ್ಟಿಲು ಎಲ್ಲಿ ಮುಗಿಯುತ್ತೋ ಗೊತ್ತಾಗಲ್ಲ. ಎಲ್ಲಾ ಒಂದೇ ಆಗ್ಬಿಟ್ಟಿದೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಎಲ್ಲರೂ ಚೆನ್ನಾಗಿದೆ ಅಂದ್ರಂತೆ. ನೀನೂ ಅಂದ್ಯಲ್ಲ."

ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನ ಮೇಲಿನ ತಿರಸ್ಕಾರವನ್ನು ಇಷ್ಟು ವರ್ಷ ಸುಖವಾಗಿ ಸಾಕಿಕೊಂಡು ಬಂದಿದ್ದೆ. ಅದರಲ್ಲಿ ಅರ್ಧ ಅವತ್ತು ನನ್ನ ಕಡೆಗೇ ತಿರುಗಿತು. ಉಳಿದರ್ಧ ಹಿಡಿದುಕೊಂಡು ಒಳಗೆ ಹೋಗಿ ಭಾವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನನ್ನನ್ನ ಕರೆದ್ರೆ ಕೈ ಹಿಡಿದು ಇಳಿಸಲ್ವಾ ನಾನು? ಅದಕ್ಕೆ ಬಣ್ಣ ಏನ್ಮಾಡಿತ್ತು?" ಎಂದು ಮುಖ ಊದಿಸಿಕೊಂಡ.

ಅವನ ಜೊತೆ ಮಾತು ಬೆಳೆಸಲಿಲ್ಲ. ಬಣ್ಣದಂಗಡಿಗೆ ಹೋಗಿ ಒಂದು ಡಬ್ಬ ಬಿಳಿ, ಒಂದು ಅಗಲ ಬ್ರಷ್ಷು ತಂದು ಮೇಲಿನ ಮೆಟ್ಟಿಲ ಮುಂದೆ ಮಂಡಿಯೂರಿದೆ. ಅಂಗೈ ಅಗಲದ ಪಟ್ಟೆ, ಈ ತುದಿಯಿಂದ ಆ ತುದಿಗೆ. ಭಾವ ಬಣ್ಣದ ಪಟ್ಟಿ ಹಿಡಿದುಕೊಂಡು ಸುತ್ತಮುತ್ತ ಸುಳಿದಾಡಿದ.

"ಅಪ್ಪಟ ಬಿಳಿ ಬೇಡ ಕಣಮ್ಮ, ಕಣ್ಣಿಗೆ ಹೊಡೆಯುತ್ತೆ. ಸ್ವಲ್ಪ ಕೆನೆ ಕಡೆಗೆ..."

"ಹೊಡೀಲಿ ಅಂತಾನೇ ಭಾವ."

ನನ್ನ ಪಟ್ಟೆ ಒಂದೂ ನೆಟ್ಟಗಿರಲಿಲ್ಲ. ಆರನೆಯದನ್ನು ಮುಗಿಸಿ ಸೊಂಟ ಹಿಡಿದುಕೊಂಡು ಎದ್ದೆ. ಅಕ್ಕ ಹೆಗಲ ಚೀಲ ಇಳಿಸಿಯೇ ಇರಲಿಲ್ಲ. ಹೊಸಿಲಿಗೆ ಬಂದು ಕೆಳಗೆ ನೋಡಿದಳು. ತುಟಿ ಅಲುಗಿತು, ಎಣಿಸುತ್ತಿದ್ದಳು.

"ಎರಡು ಗಂಟೆ ತಾಳೇ, ಒಣಗ್ಲಿ" ಅಂದೆ.

"ಮೂರು ವಾರ ತಾಳಿದೀನಿ" ಎಂದವಳೇ ಇಳಿದಳು. ಯಾವುದನ್ನೂ ತಡವಲಿಲ್ಲ, ಯಾರ ಕೈಯನ್ನೂ ಕೇಳಲಿಲ್ಲ. ಹಸಿ ಬಣ್ಣ ಚಪ್ಪಲಿಗೆ ಮೆತ್ತಿಕೊಂಡು ಮೆಟ್ಟಿಲಿಂದ ಮೆಟ್ಟಿಲಿಗೆ, ಅಲ್ಲಿಂದ ಅಂಗಳದ ಕೆಂಪು ನೆಲದುದ್ದಕ್ಕೂ ಬಿಳಿ ಹೆಜ್ಜೆ ಮೂಡುತ್ತ ಹೋಯಿತು.

"ಅಯ್ಯೋ, ನಿಂತ್ಕೊಳ್ಳೇ! ಎಲ್ಲಾ ಕಡೆ ನಿನ್ನ ಹೆಜ್ಜೆ ಕಾಣ್ತಿದೆ!" ಎಂದು ಭಾವ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡ.

ಅಕ್ಕ ಗೇಟಿನ ಹತ್ತಿರ ನಿಂತು ತಿರುಗಿ, ಬಾಗಿಲಿನವರೆಗೂ ಒಮ್ಮೆ ನೋಡಿದಳು.

"ಹೌದು ರೀ, ನಂಗೂ ಕಾಣ್ತಿದೆ" ಎಂದು ಗೇಟು ತೆಗೆದಳು.