ಸಾಬಮ್ಮನ ಹಂಚು, ನನ್ನ ವಿಜ್ಞಾನ

ಸುಮಾರು ಆರು ತಿಂಗಳ ಕಾಲ ನಾನು ದೋಸೆಯ ಮೇಲಿನ ಕರಿ ಚುಕ್ಕೆಗಳನ್ನು ಸೀದ ಜೀರಿಗೆ ಎಂದು ನಂಬಿ ತಿಂದಿದ್ದೇನೆ. ಹಿಟ್ಟಿಗೆ ಜೀರಿಗೆ ಹಾಕಿದ ನೆನಪೇನೂ ನನಗಿರಲಿಲ್ಲ. ಆದರೆ ತನಗೆ ತಾನೇ ಬೇಯಿಸಿಕೊಳ್ಳುವ ಗಂಡಸಿಗೆ ತನ್ನ ಅಡುಗೆಯ ಬಗ್ಗೆ ಹೆಚ್ಚು ತನಿಖೆ ನಡೆಸುವ ಧೈರ್ಯ ಇರುವುದಿಲ್ಲ. ತಟ್ಟೆಗೆ ಬಂದದ್ದನ್ನು ಬಂದ ಹಾಗೆ ಒಪ್ಪಿಕೊಂಡು ತಿಂದು, ಕೈ ತೊಳೆದು, ಶಾಲೆಯ ಗಂಟೆಗೆ ಓಡುವುದಷ್ಟೇ ಅವನ ಕೆಲಸ.

ನಾನು ಪ್ರೌಢಶಾಲೆಯ ವಿಜ್ಞಾನದ ಮಾಸ್ತರ. ಶಹಾಪುರದಿಂದ ಶಿರವಾಳದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಶಾಲೆ, ಅದೇ ಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನನ್ನ ಹೆಂಡತಿಯೂ ಶಿಕ್ಷಕಿ. ಗುರುಮಠಕಲ್ ಕಡೆಗೆ ವರ್ಗವಾಗಿ, ಅಲ್ಲಿನ ಮಕ್ಕಳಿಗೆ ಕನ್ನಡ ಕಲಿಸುತ್ತ ತಾನು ತೆಲುಗು ಕಲಿಯುತ್ತ, ತಿಂಗಳಿಗೊಮ್ಮೆ ಶನಿವಾರದ ಬಸ್ಸಿಗೆ ಬರುತ್ತಾಳೆ. ಹೋಗುವಾಗ ಒಳ್ಳೆಯ ಪಾತ್ರೆಗಳನ್ನೆಲ್ಲ ತಾನೇ ಒಯ್ದಳು. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಅಡುಗೆ ಎಲ್ಲಿ ಆಗುತ್ತದೋ ಪಾತ್ರೆಗಳು ಅಲ್ಲಿರಬೇಕು. ಹೀಗಾಗಿ ನಾನು ಯಾದಗಿರಿಗೆ ಹೋಗಿ ಥಳಥಳಿಸುವ ಒಂದು ನಾನ್‌ಸ್ಟಿಕ್ ತವಾ ಕೊಂಡೆ. ಅಂಗಡಿಯವನು ಎಣ್ಣೆ ಸೋಕಿಸದೆ ಅದರ ಮೇಲೆ ಮೊಟ್ಟೆ ಒಡೆದು ಜಾರಿಸಿ ತೋರಿಸಿದ. ಮೊಟ್ಟೆ ಜಾರಿದ್ದು ನೋಡಿ ನಾನೂ ಜಾರಿದೆ. ಕಟ್ಟಿಗೆಯ ಸೌಟನ್ನೇ ಬಳಸಿ, ಉರಿ ಸಣ್ಣಗಿಡಿ ಎಂದು ಅವನು ಹೇಳಿದ್ದು ನಿಜ. ಮನೆಯಲ್ಲಿ ಇದ್ದದ್ದು ಸ್ಟೀಲಿನ ಸೌಟು, ಇಲ್ಲದ್ದು ತಾಳ್ಮೆ.

ಗುಟ್ಟು ಒಡೆದವರು ಪಕ್ಕದ ಮನೆಯ ಸಾಬಮ್ಮ. ನಮ್ಮ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರೂ ಅವರೇ. ಐವತ್ತು ದಾಟಿದ, ಗಟ್ಟಿ ಕೈಗಳ, ಕಡಿಮೆ ಮಾತಿನ ಹೆಂಗಸು. ಒಂದು ಭಾನುವಾರ ಬೆಳಿಗ್ಗೆ ಮಜ್ಜಿಗೆ ಕೊಡಲು ಬಂದವರು ಒಲೆಯ ಮೇಲಿನ ತವಾ ಕಂಡು, ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು. ತಟ್ಟೆಯಲ್ಲಿದ್ದ ದೋಸೆಯನ್ನೂ ನೋಡಿದರು. ನಾನು ಸೀದ ಜೀರಿಗೆಯ ವಿಚಾರ ಹೇಳಿದೆ.

"ಜೀರಗಿ ಅಲ್ರಿ ಸರ, ಹಂಚಿನ ತೊಗಲು" ಎಂದರು. "ದಿನಾ ಇಷ್ಟಿಷ್ಟ ತಿಂದು ಮುಗಸಾಕತ್ತೀರಿ."

ನಮ್ಮ ಕಡೆ ತವಾವೇ ಹಂಚು; ಅದರ ಕರಿ ಲೇಪವೇ ನನ್ನ ಜೀರಿಗೆಯಾಗಿತ್ತು. ಸಾಬಮ್ಮ ಅಷ್ಟಕ್ಕೇ ನಿಲ್ಲಲಿಲ್ಲ. ಮೂಲೆಯಲ್ಲಿ ನಮ್ಮ ಕಡೆ ಜರ್ಮನ್ ಬೋಗಾಣಿ ಎಂದು ಕರೆಯುವ ಅಲ್ಯೂಮಿನಿಯಂ ಪಾತ್ರೆಯಿತ್ತು. ಅದರೊಳಗೆ ಹಿಂದಿನ ದಿನದ ಪುಂಡಿಪಲ್ಯ. ಪುಂಡಿ ಸೊಪ್ಪಿನ ಹುಳಿ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಬಿಸಿ ರೊಟ್ಟಿಯ ಜೊತೆ ನಾಲಿಗೆಯ ತುದಿಯಿಂದ ಕಿವಿಯವರೆಗೆ ಹತ್ತುವಂಥದ್ದು. ಸಾಬಮ್ಮ ಪಲ್ಯವನ್ನು ಬೇರೆ ಪಾತ್ರೆಗೆ ಸುರುವಿ, ಬೋಗಾಣಿಯ ತಳವನ್ನು ಬೆಳಕಿಗೆ ಹಿಡಿದರು. ತಳದ ತುಂಬ ಸೂಜಿಯಿಂದ ಚುಚ್ಚಿದಂಥ ಸಣ್ಣ ಕುಳಿಗಳು. ಹುಳಿಯನ್ನು ಇದರಲ್ಲಿ ಕುದಿಸಿ, ಮೇಲೆ ಒಂದು ದಿನ ಇಟ್ಟರೆ ಪಾತ್ರೆಯೂ ಊಟದೊಳಗೆ ಸೇರುತ್ತದೆ ಎಂದು ತಿಳಿಸಿ ಹೇಳಿದರು.

ನಾನು ಹದಿನೆಂಟು ವರ್ಷಗಳಿಂದ 'ಆಮ್ಲಗಳು ಲೋಹಗಳೊಡನೆ ವರ್ತಿಸುತ್ತವೆ' ಎಂಬ ಪಾಠ ಮಾಡುತ್ತಿದ್ದೇನೆ. ಪ್ರನಾಳದಲ್ಲಿ ಸತುವಿನ ಚೂರು ಹಾಕಿ, ಆಮ್ಲ ಸುರಿದು, ಗುಳ್ಳೆ ಎಬ್ಬಿಸಿ, ಬೆಂಕಿಕಡ್ಡಿ ಹಿಡಿದು 'ಪಟ್' ಅನ್ನಿಸುವಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಿ ಹಿಗ್ಗಿದ್ದೇನೆ. ಆದರೆ ನನ್ನ ಮಟ್ಟಿಗೆ ಆಮ್ಲವೆಂದರೆ ಗಾಜಿನ ಬಾಟಲಿಯೊಳಗೆ, ಬೀರುವಿನ ಮೇಲಿನ ಅರೆಯಲ್ಲಿ, ಬೀಗದಲ್ಲಿರುವ ವಸ್ತು. ಪುಂಡಿಪಲ್ಯ ಬರೀ ಪುಂಡಿಪಲ್ಯ. ಇವೆರಡೂ ಒಂದೇ ಮನೆತನದವು ಎಂದು ಹೊಳೆಯಲು ನೆರೆಮನೆಯವರು ಮಜ್ಜಿಗೆ ತರಬೇಕಾಯಿತು.

ಮುಂದಿನ ವಾರ ಸಾಬಮ್ಮನಿಗೆ ಸುರಪುರದಲ್ಲಿ ಏನೋ ಕೆಲಸವಿತ್ತು. ನನಗೊಂದು ಹಂಚು ಆರಿಸಿಕೊಡಿ ಎಂದು ಬೆನ್ನು ಹತ್ತಿದೆ. ಪೇಟೆಯಲ್ಲಿ ಕಬ್ಬಿಣದ ಸಾಮಾನು ಮಾರುವವನೊಬ್ಬ ಗೋಣಿತಟ್ಟಿನ ಮೇಲೆ ಬೀಡಿನ ಹಂಚುಗಳನ್ನು ಹರಡಿಕೊಂಡು ಕುಳಿತಿದ್ದ. ಬೀಡೆಂದರೆ ತಗಡು ಬಡಿದದ್ದಲ್ಲ, ಕಬ್ಬಿಣ ಕರಗಿಸಿ ಅಚ್ಚಿಗೆ ಎರಕ ಹೊಯ್ದದ್ದು. ಎತ್ತಿದರೆ ಮಣಿಕಟ್ಟಿಗೆ ಗೊತ್ತಾಗುತ್ತದೆ. ನಾನು ಎಲ್ಲಕ್ಕಿಂತ ಹೆಚ್ಚು ಮಿಂಚುತ್ತಿದ್ದ ಒಂದನ್ನು ಎತ್ತಿಕೊಂಡೆ. ಸಾಬಮ್ಮ ಸೆರಗಿನ ತುದಿಯಿಂದ ಅದನ್ನು ಉಜ್ಜಿ ತೋರಿಸಿದರು. ಬಟ್ಟೆಗೆ ಕಪ್ಪು ಬಣ್ಣ ಹತ್ತಿತು. ಅದು ಕೆಳಗೆ ಹೋಯಿತು.

ಆಮೇಲೆ ಅವರು ಹಂಚು ಆರಿಸಿದ ಬಗೆಯನ್ನು ನಾನು ಈಗಲೂ ಕಣ್ಣಿಗೆ ಕಟ್ಟಿಕೊಳ್ಳಬಲ್ಲೆ. ಒಂದೊಂದನ್ನೂ ಎಡಗೈ ಬೆರಳ ತುದಿಗೆ ತೂಗುಬಿಟ್ಟು ಬಲಗೈ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದರು. ಬಿರುಕಿದ್ದರೆ ದನಿ ಒಡಕಾಗಿ ಸಾಯುತ್ತದಂತೆ, ಇಲ್ಲದಿದ್ದರೆ ಗುಡಿಯ ಗಂಟೆಯ ಹಾಗೆ ಎಳೆದು ನಿಲ್ಲುತ್ತದಂತೆ. ಅಂಗೈಯಿಂದ ಮೇಲ್ಮೈಯನ್ನು ಕೂಸಿನ ಬೆನ್ನು ಸವರುವ ಹಾಗೆ ಸವರಿದರು. ಕೊನೆಗೆ ನನ್ನ ಬಾಟಲಿಯ ನೀರನ್ನು ಅದರೊಳಗೆ ಹೊಯ್ದು, ಅಡಿ ಒದ್ದೆಯಾಗುತ್ತದೋ ಎಂದು ಕಾದರು. ಅಂಗಡಿಯವನು ತಾನೇ ಒಂದೊಂದು ಹಂಚನ್ನು ಎತ್ತಿ ಅವರ ಕೈಗೆ ಕೊಡುತ್ತಿದ್ದ. ಬಲ್ಲವರ ಕೈಯನ್ನು ಅವನೂ ಬಲ್ಲ. ಆರನೆಯ ಹಂಚು ನನ್ನದಾಯಿತು.

ಮನೆಗೆ ತಂದ ಮೇಲೆ ತಿಳಿಯಿತು, ಕೊಂಡದ್ದಷ್ಟೇ, ಅದಿನ್ನೂ ನನ್ನದಾಗಿಲ್ಲ ಎಂದು. ಹಂಚನ್ನು ಪಳಗಿಸಬೇಕು. ಚೆನ್ನಾಗಿ ತಿಕ್ಕಿ ತೊಳೆದು, ಎರಡು ಮೂರು ದಿನ ಅನ್ನದ ಗಂಜಿಯಲ್ಲಿ ನೆನೆಹಾಕಿ, ದಿನಾ ಗಂಜಿ ಬದಲಿಸಿ, ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಿ, ಎಣ್ಣೆ ಸವರಿ, ಹೊಗೆಯಾಡುವ ತನಕ ಕಾಯಿಸಿ, ತಣಿಸಿ, ಮತ್ತೆ ಸವರಬೇಕು. ಆಮೇಲೆ ಉಳ್ಳಾಗಡ್ಡಿ ಹೆಚ್ಚಿ ಹಾಕಿ ಕಪ್ಪಾಗುವವರೆಗೆ ಹುರಿದು ಚೆಲ್ಲಬೇಕು. ಇಷ್ಟಾದ ಮೇಲೂ ಮೊದಲ ನಾಲ್ಕು ದೋಸೆ ಹಂಚಿನ ಪಾಲು. ಐದನೆಯದು ಅಂಚಿನಲ್ಲಿ ತಾನಾಗಿಯೇ ಎದ್ದು ಬಂತು. ಆ ಗಳಿಗೆಯಲ್ಲಿ ನನಗಾದ ಹೆಮ್ಮೆ ನಮ್ಮ ಶಾಲೆಯ ಹತ್ತನೇ ತರಗತಿಯ ಫಲಿತಾಂಶಕ್ಕೂ ಆಗಿರಲಿಲ್ಲ.

ಆ ಹೆಮ್ಮೆಯಲ್ಲೇ ನಾನು ಹಂಚನ್ನು ಸಾಬೂನು ಹಚ್ಚಿ ಫಳಫಳ ತೊಳೆದು, ಒದ್ದೆಯಾಗಿಯೇ ಮಗುಚಿಟ್ಟು ಎರಡು ದಿನ ಹೆಂಡತಿಯ ಊರಿಗೆ ಹೋಗಿಬಂದೆ. ಬಂದು ನೋಡಿದರೆ ಹಂಚಿನ ಮೇಲೆ ಕೆಂಪು ಮಣ್ಣು ಉದುರಿಸಿದ ಹಾಗೆ ತುಕ್ಕು. ಅಪರಾಧಿಯಂತೆ ಅದನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟೆ. ಆದರೆ ದೋಸೆಯ ವಾಸನೆ ಬಾರದ ಮನೆಯ ಸ್ಥಿತಿ ಪಕ್ಕದ ಮನೆಗೆ ತಿಳಿಯದೆ ಇರುತ್ತದೆಯೇ? ಸಾಬಮ್ಮ ಬಂದು ಹಂಚನ್ನು ಹೊರತೆಗೆಸಿದರು, ಬೈಯಲಿಲ್ಲ. ದಪ್ಪ ಉಪ್ಪು ಹಾಕಿ ತೆಂಗಿನ ನಾರಿನಿಂದ ತಿಕ್ಕಲು ನನ್ನನ್ನು ಹಚ್ಚಿ ತಾವು ಹೊಸಿಲ ಮೇಲೆ ಕುಳಿತರು. ಬೀಡು ಒಳ್ಳೆಯ ಜಾತಿಯದು, ತಪ್ಪು ಮಾಡಿದವರಿಗೆ ಮತ್ತೊಂದು ಸಲ ಅವಕಾಶ ಕೊಡುತ್ತದೆ, ಆ ನಿಮ್ಮ ಮಿಂಚಿನ ತವಾ ಕೊಡುವುದಿಲ್ಲ, ಒಮ್ಮೆ ಕೆರೆದರೆ ಮುಗಿಯಿತು ಎಂದರು. ತೊಳೆದದ್ದನ್ನು ಒಲೆಯ ಮೇಲಿಟ್ಟು ಒಣಗಿಸಿ ಒಂದು ಹನಿ ಎಣ್ಣೆ ಸವರಿಡುವುದನ್ನು ಅಂದಿನಿಂದ ನಾನು ಬಿಟ್ಟಿಲ್ಲ.

ಇಷ್ಟಾಗಿದ್ದರೆ ಇದು ನನ್ನ ದೋಸೆಯ ಕತೆಯಾಗಿ ಮುಗಿಯುತ್ತಿತ್ತು. ಆದರೆ ಚಳಿಗಾಲದಲ್ಲಿ ಕೊಪ್ಪರಿಗೆ ಬಂತು.

ನಮ್ಮ ಊರಿನ ಶರಣಪ್ಪನವರು, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ತಮ್ಮ ತಾಯಿಯ ನೆನಪಿಗೆ ಶಾಲೆಯ ಮಕ್ಕಳಿಗೆಲ್ಲ ಒಂದು ದಿನ ವಿಶೇಷ ಊಟ ಹಾಕಿಸುವುದಾಗಿ ಹೇಳಿದರು. ಅವರದು ಒಂದೇ ಆಸೆ: ಸಾಂಬಾರು ತಾಯಿಯ ಹಿತ್ತಾಳೆ ಕೊಪ್ಪರಿಗೆಯಲ್ಲೇ ಆಗಬೇಕು. ಅಂದು ಬೆಳಿಗ್ಗೆ ನಾಲ್ವರು ಹೊತ್ತು ತಂದ ಕೊಪ್ಪರಿಗೆ ಬಿಸಿಲಿಗೆ ಬಂಗಾರದಂತೆ ಹೊಳೆಯುತ್ತಿತ್ತು. ಮಕ್ಕಳು ಅದರಲ್ಲಿ ಮುಖ ನೋಡಿಕೊಂಡು ನಕ್ಕರು. ಹೆಡ್‌ಮಾಸ್ತರರು ಫೋಟೋ ತೆಗೆಸಿದರು. ಸಾಬಮ್ಮ ಮಾತ್ರ ತಲೆ ಬಗ್ಗಿಸಿ ಒಳಗೆ ನೋಡಿ, ಕೈಯಾಡಿಸಿ, ಸೌಟನ್ನು ಕೆಳಗಿಟ್ಟರು.

"ಒಳಗ ಕಲಾಯಿ ಹೋಗ್ಯಾದ್ರಿ. ಇದ್ರಾಗ ಹುಳಿ ಕುದಿಸಂಗಿಲ್ಲ."

ಕಲಾಯಿ ಎಂದರೆ ಹುಳಿ ಹಿತ್ತಾಳೆಗೆ ತಾಗದಂತೆ ಒಳಗೆ ಬಳಿಯುವ ತವರದ ಲೇಪ. ಹೆಡ್‌ಮಾಸ್ತರರು ಮೊದಲು ಸಮಾಧಾನದಿಂದಲೇ ಹೇಳಿದರು, ಶರಣಪ್ಪನವರು ಎದುರಿಗೇ ಇದ್ದಾರೆ, ಮನಸ್ಸಿಗೆ ನೋವಾಗುತ್ತದೆ ಎಂದು. ಆಮೇಲೆ ದನಿ ಏರಿತು. ನಿಮ್ಮಿಂದಾಗದಿದ್ದರೆ ಈ ಕೆಲಸಕ್ಕೆ ಬೇರೆಯವರು ಸಾಲುಗಟ್ಟಿ ನಿಂತಿದ್ದಾರೆ ಎಂದರು. ಅದು ಬರೀ ಮಾತಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬಿಸಿಯೂಟದವರನ್ನು ತೆಗೆಯಲು ದೊಡ್ಡ ಕಾರಣವೇನೂ ಬೇಕಿಲ್ಲ. ಸಾಬಮ್ಮನ ಮನೆ ನಡೆಯುವುದೇ ಆ ಕೆಲಸದ ಮೇಲೆ ಎಂಬುದೂ ನನಗೆ ಗೊತ್ತಿತ್ತು. ಅಷ್ಟರಲ್ಲಿ ಹೆಡ್‌ಮಾಸ್ತರರು ನನ್ನ ಕಡೆ ತಿರುಗಿ, ವಿಜ್ಞಾನದವರು ನೀವೇ ಹೇಳಿ, ಒಂದು ದಿನಕ್ಕೆ ಏನಾಗುತ್ತದೆ ಎಂದು ಕೇಳಿದರು.

ನನಗೆ ಉತ್ತರ ಗೊತ್ತಿತ್ತು. ಆದರೂ, ಈಗ ಬರೆಯಲು ನಾಚಿಕೆಯಾಗುತ್ತದೆ, "ಒಂದ ದಿನಕ್ಕ ಏನಾಗಂಗಿಲ್ಲೇನೋ" ಎಂದುಬಿಟ್ಟೆ.

ಸಾಬಮ್ಮ ನನ್ನನ್ನು ಒಂದು ಕ್ಷಣ ನೋಡಿದರು. ಕೋಪವಿರಲಿಲ್ಲ, ಅದೇ ಕಷ್ಟ. ಸಾಂಬಾರಿಗೆಂದು ನೆನೆಸಿದ್ದ ಹುಣಸೆಹಣ್ಣಿನ ರಸದಲ್ಲಿ ಎರಡು ಚೊಂಬನ್ನು ಕೊಪ್ಪರಿಗೆಗೆ ಸುರಿದು ಒಲೆ ಹೊತ್ತಿಸಿದರು. ರಸ ಕುದಿಯಿತು. ಉರಿ ತೆಗೆದು ಅರ್ಧ ತಾಸು ಹಾಗೇ ಬಿಟ್ಟರು. ಆಮೇಲೆ ಕೊಪ್ಪರಿಗೆಯನ್ನು ವಾಲಿಸಿದರು. ಕಂದು ಹಿಡಿದಿದ್ದ ಒಳಮೈ ರಸ ತಾಕಿದಷ್ಟು ಜಾಗದಲ್ಲಿ ಮಾತ್ರ ತಿಕ್ಕಿ ತೊಳೆದ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು.

"ಇಲ್ಲಿದ್ದ ಹೊಲಸು ಎಲ್ಲಿಗಿ ಹ್ವಾತ್ರಿ ಸರ?" ಎಂದು ನನ್ನನ್ನೇ ಕೇಳಿದರು. "ಹುಣಸಿಹಣ್ಣು ಹಚ್ಚಿ ಹಿತ್ತಾಳಿ ತಿಕ್ಕತೀವಿ, ಆ ನೀರು ಬಚ್ಚಲಕ್ಕ ಚೆಲ್ಲತೀವಿ. ಅದನ್ನ ಇವತ್ತ ಮಕ್ಕಳ ತಾಟಿಗಿ ನೀಡಬೇಕೇನು?"

ನಾನು ಒಂದು ಹನಿಯನ್ನು ನಾಲಿಗೆಯ ತುದಿಗೆ ತಾಗಿಸಿದೆ. ಹಳೆಯ ನಾಣ್ಯ ಕಚ್ಚಿದಂಥ ಒಗರು. ಉಗುಳಿ, ಬಾಯಿ ಮುಕ್ಕಳಿಸಿ ಬಂದು, ಎಲ್ಲರ ಎದುರಿಗೆ, ನಾನು ಹೇಳಿದ್ದು ತಪ್ಪು, ಇದರಲ್ಲಿ ಮಾಡಿದರೆ ಮಕ್ಕಳಿಗೆ ವಾಂತಿಯಾಗುತ್ತದೆ, ಸಾಬಮ್ಮ ಹೇಳಿದ್ದೇ ಸರಿ ಎಂದೆ. ಹೆಡ್‌ಮಾಸ್ತರರು ನೆಲ ನೋಡಿದರು.

ಎಲ್ಲರ ಕಣ್ಣು ಶರಣಪ್ಪನವರ ಮೇಲೆ. ಅವರು ಎದ್ದು ಬಂದು ಕೊಪ್ಪರಿಗೆಯ ಕಂಠದ ಮೇಲೆ ಕೈಯಿಟ್ಟರು.

"ನಮ್ಮವ್ವ ವರ್ಷಾ ವರ್ಷಾ ಕಲಾಯಿ ಹಾಕಸ್ತಿದ್ಲು" ಎಂದರು. "ಅಕಿ ಹೋದ ಮ್ಯಾಲ ನಾವು ಬರೇ ಹೊರಗ ತಿಕ್ಕೇವಿ."

ಅಂದು ಸಾಂಬಾರು ಶಾಲೆಯ ಸ್ಟೀಲು ಪಾತ್ರೆಗಳಲ್ಲಿ ಎರಡು ಕಂತಿನಲ್ಲಿ ಆಯಿತು. ಊಟ ಒಂದು ತಾಸು ತಡ. ಹಸಿದ ಮಕ್ಕಳು ಗಲಾಟೆ ಮಾಡಿದರು, ಶರಣಪ್ಪನವರೇ ಸೌಟು ಹಿಡಿದು ಬಡಿಸಿದರು. ಹೆಡ್‌ಮಾಸ್ತರರು ಸಂಜೆ ಅಡುಗೆ ಕೋಣೆಗೆ ಬಂದು, ಕ್ಷಮೆ ಕೇಳುವುದರ ಬದಲು, ಇಲ್ಲಿರುವ ಪಾತ್ರೆಗಳಲ್ಲಿ ಯಾವುದನ್ನು ಬಿಸಾಡಬೇಕೋ ತೋರಿಸಿ ಎಂದು ಸಾಬಮ್ಮನನ್ನು ಕೇಳಿದರು. ದೊಡ್ಡವರು ಕ್ಷಮೆ ಕೇಳುವ ರೀತಿಗಳಲ್ಲಿ ಇದೂ ಒಂದು, ಬಹುಶಃ ಒಳ್ಳೆಯದೇ. ನೆಗ್ಗಿದ, ಕುಳಿಬಿದ್ದ ಮೂರು ಜರ್ಮನ್ ಬೋಗಾಣಿಗಳು ಆ ದಿನವೇ ಹೊರಬಿದ್ದವು.

ಒಂದು ತಿಂಗಳ ಮೇಲೆ ಸುರಪುರದಿಂದ ಒಬ್ಬ ಮುದುಕ ಕಲಾಯಿ ಸಾಬರನ್ನು ಶರಣಪ್ಪನವರು ಹುಡುಕಿ ಕರೆತಂದರು. ಶಾಲೆಯ ಬಯಲಲ್ಲಿ ಇದ್ದಿಲು ಕೆಂಪಾಯಿತು. ಕಾದ ಕೊಪ್ಪರಿಗೆಗೆ ಸಾಬರು ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಿಂದ ಒಂದೇ ಸಲಕ್ಕೆ ಸುತ್ತಲೂ ಒರೆಸಿದರು. ಕಂದು ಒಳಮೈಯ ಮೇಲೆ ಬೆಳ್ಳಿ ಹರಿದು ಹೋಯಿತು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ನನ್ನ ಪ್ರನಾಳದ 'ಪಟ್' ಆ ದಿನದಿಂದ ಬೆಲೆ ಕಳೆದುಕೊಂಡಿತು. ಮರುದಿನ ಅದರಲ್ಲಾದ ಸಾಂಬಾರಿನ ರುಚಿ ಹೇಗಿತ್ತೆಂದರೆ, ನಾನು ಮಕ್ಕಳ ಸಾಲಿನ ಕೊನೆಯಲ್ಲಿ ಎರಡನೇ ಸಲ ತಾಟು ಹಿಡಿದು ನಿಂತೆ.

ಆಮ್ಲ ಮತ್ತು ಲೋಹದ ಪಾಠ ಬಂದಾಗ ಆ ವರ್ಷ ನಾನು ಸಾಬಮ್ಮನನ್ನು ತರಗತಿಗೆ ಕರೆದೆ. ಬರಲು ಬಹಳ ಹಿಂಜರಿದರು. ಕೊನೆಗೆ ಒಂದು ಸ್ಟೀಲಿನ ಪಾತ್ರೆ, ಹೊರಬಿದ್ದ ಒಂದು ಬೋಗಾಣಿ, ತಮ್ಮ ರೊಟ್ಟಿಯ ಹಂಚು ಹಿಡಿದು ಬಂದು, ನನ್ನ ಮೇಜಿನ ಮೇಲೆ ಸಾಲಾಗಿಟ್ಟು, ನಿಂತೇ ಮಾತಾಡಿದರು. ಯಾವುದರಲ್ಲಿ ಏನು ಬೇಯಿಸಬೇಕು, ಯಾವುದನ್ನು ಹೇಗೆ ತೊಳೆಯಬೇಕು, ಯಾವಾಗ ಬಿಡಬೇಕು. ಪಾಠ ಮುಗಿದಾಗ ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ನನ್ನ ಕಡೆ ಒಮ್ಮೆ ನೋಡಿ, ಇದೆಲ್ಲ ಸರ್‌ಗೆ ಮೊದಲು ಗೊತ್ತಿರಲಿಲ್ಲವೇ ಎಂದು ಸಾಬಮ್ಮನನ್ನು ಕೇಳಿದಳು. ನಾನು ಕರಿಹಲಗೆ ಒರೆಸತೊಡಗಿದೆ.

ಸಾಬಮ್ಮ ಹಂಚನ್ನು ಎತ್ತಿ ಬಗಲಿಗೆ ಇಟ್ಟುಕೊಂಡರು.

"ಸರ್‌ಗೆ ಗೊತ್ತಿತ್ತವ್ವ" ಎಂದರು. "ಅದನ್ನ ಅಡಗಿ ಮನಿಗಿ ತಂದಿದ್ದಿಲ್ಲ, ಅಷ್ಟ."