ಬಿಟ್ಟ ಕಾಯಿ

ಪರ್ಕಳದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಕುಶಲಾ ಕೇರಂ ಆಡಲು ಕೂತರೆ ಊರಿನಲ್ಲಿ ಎರಡನೇ ಬಹುಮಾನ ಯಾರಿಗೆಂಬ ಮಾತಷ್ಟೇ ಉಳಿಯುತ್ತಿತ್ತು. ಆದರೆ ಉಡುಪಿಯ ಜಿಲ್ಲಾ ಪಂದ್ಯದಲ್ಲಿ ಆರು ವರ್ಷದಿಂದ ಅವಳು ಕ್ವಾರ್ಟರ್ ಫೈನಲ್ ದಾಟಿರಲಿಲ್ಲ. ದೊಡ್ಡ ಆಟಗಾರರ ಎದುರು ಕೂತ ಕೂಡಲೇ ಅಂಗೈ ಬೆವರಿ ಸ್ಟ್ರೈಕರ್ ಜಾರುತ್ತಿತ್ತು.

ನಲವತ್ತು ತುಂಬಿದ ವರ್ಷ ಅವಳು ಕಾಪುವಿನ ಮೌರಿಸ್ ಮಾಸ್ಟ್ರ ಮನೆಗೆ ಹೋದಳು. ಒಂದು ಕಾಲದಲ್ಲಿ ರಾಜ್ಯಕ್ಕೆ ಆಡಿದ್ದ ಅವರು ಅವಳ ಆಟವನ್ನು ಕೊನೆಯವರೆಗೆ ನೋಡಿದರು.

"ಕಾಯಿ ಹಾಕ್ಲಿಕ್ಕೆ ನಿಮಗೆ ಬರ್ತದೆ. ಬಿಡ್ಲಿಕ್ಕೆ ಬರುದಿಲ್ಲ."

"ಎಂತ ಬಿಡುದು ಮಾಸ್ಟ್ರೇ?"

"ಪಾಕೆಟಿನ ಬಾಯಲ್ಲಿರುವ ಕಾಯಿ ಓಡಿಹೋಗುದಿಲ್ಲ. ಅಲ್ಲೇ ಇದ್ದರೆ ಎದುರಿನವರ ದಾರಿಗೆ ಅಡ್ಡ ಉಂಟು. ನೀವು ಹೆದರಿ ಅದನ್ನೇ ಮೊದಲು ಹಾಕ್ತೀರಿ. ಕಷ್ಟದ್ದನ್ನು ಮೊದಲು ಹೊಡೀರಿ."

ಹೌದು, ಅದು ಹೆದರಿಕೆಯೇ. ಪ್ರತಿ ಭಾನುವಾರ ಕಾಪುವಿಗೆ ಹೋಗಿ ಹೊಸ ರೀತಿಯಲ್ಲಿ ಆಡತೊಡಗಿದಳು. ಆಟ ಕೆಟ್ಟಿತು. ಕಾರ್ಕಳದ ಪಂದ್ಯದಲ್ಲಿ ಚೈತಾಲಿ ಎಂಬ ಕಾಲೇಜು ಹುಡುಗಿ ಮೊದಲ ಸುತ್ತಿನಲ್ಲೇ ಅವಳನ್ನು ಸೋಲಿಸಿದಳು. "ಕುಶಲಕ್ಕನಿಗೆ ಎಂತಾಯ್ತು ಮಾರಾಯ್ರೇ?" ಎಂದು ಯಾರೋ ಹಿಂದಿನಿಂದ ಕೇಳಿದರು.

ಬಸ್ ಸ್ಟ್ಯಾಂಡಿಗೆ ಬಂದು ಕೂತಳು. ಸೋಲಿಗಿಂತ ಹೆಚ್ಚಾಗಿ ಬೇರೊಂದು ಅವಳನ್ನು ಹೆದರಿಸಿತ್ತು. ಹೊಸದು ಬಾರದೆ, ಹಳೆಯದೂ ಹೋಗಿಬಿಟ್ಟರೆ?

ಮೂರು ಭಾನುವಾರ ಅವಳು ಮನೆಯಲ್ಲೇ ಉಳಿದಳು. ಗಂಡ ತಾರಾನಾಥ ಕೇಳಿದ, "ಹೋಗದೆ ಹೆದರಿಕೆ ಕಡಿಮೆ ಆಯ್ತಾ?"

"ಇಲ್ಲ. ಜಾಸ್ತಿ ಆಗಿದೆ."

"ಹಾಗಾದ್ರೆ ಹೋಗಿಯೇ ಹೆದರು."

ಅವಳು ಹೋದಳು. ಈ ಹೆದರಿಕೆ ಯಾವಾಗ ಬಿಟ್ಟುಹೋಗುತ್ತದೆ ಎಂದು ಮಾಸ್ಟ್ರನ್ನು ಕೇಳಿದಳು.

"ನನ್ನದು ಹೋಗಲೇ ಇಲ್ಲ," ಎಂದರು ಅವರು. "ಪಂದ್ಯದ ದಿನ ಗಂಟಲಲ್ಲಿ ಅನ್ನ ಇಳೀತಿರಲಿಲ್ಲ."

ಆ ಮಾತು ಅವಳಿಗೆ ಸಮಾಧಾನ ಕೊಡಲಿಲ್ಲ. ಆದರೂ ಕಾಯಿ ಜೋಡಿಸಿದಳು.

ಜಿಲ್ಲಾ ಪಂದ್ಯದಲ್ಲಿ ಈ ಸಲ ಸೆಮಿಫೈನಲ್ ಮುಟ್ಟಿದಳು. ಎದುರಿಗೆ ಅದೇ ಚೈತಾಲಿ. ಮೂರನೇ ಗೇಮ್, ಸರಿಸಮ ಅಂಕ, ಕೊನೆಯ ಬೋರ್ಡ್. ಕುಶಲಾಳಿಗೆ ಎರಡು ಬಿಳಿ ಕಾಯಿ ಉಳಿದಿದ್ದವು. ಒಂದು ಪಾಕೆಟಿನ ಬಾಯಲ್ಲಿ, ಇನ್ನೊಂದು ಚೌಕಟ್ಟಿಗೆ ಅಂಟಿಕೊಂಡು. ಬಾಯಲ್ಲಿದ್ದ ಬಿಳಿಯ ಹಿಂದೆಯೇ ಚೈತಾಲಿಯ ಕೊನೆಯ ಕಪ್ಪು ಕಾದಿತ್ತು.

ಬೆರಳು ತಾನಾಗಿ ಸುಲಭದ ಕಾಯಿಯ ಕಡೆ ಹೋಯಿತು. ಅದನ್ನು ಹಾಕಿ, ಮುಂದಿನ ಹೊಡೆತ ತಪ್ಪಿದರೆ ಹುಡುಗಿಯ ದಾರಿ ತೆರೆದಂತೆಯೇ. ಅಂಪೈರ್ ಗಡಿಯಾರ ನೋಡಿದರು. ಕುಶಲಾ ಸ್ಟ್ರೈಕರನ್ನು ಸರಿಸಿ ಅಂಟಿದ ಕಾಯಿಗೆ ಹೊಡೆದಳು.

ಅದು ಪಾಕೆಟಿಗೆ ಎರಡು ಬೆರಳು ಮೊದಲೇ ನಿಂತಿತು.

ಸರದಿ ಎದುರಿನವಳದಾಯಿತು. ಚೈತಾಲಿಗೆ ನೇರ ದಾರಿ ಇರಲಿಲ್ಲ. ಸುತ್ತಿ ಬೇರೆ ಪಾಕೆಟಿಗೆ ಹೊಡೆಯಲು ಹೋದಾಗ ಕಪ್ಪು ಕಾಯಿ ಬೋರ್ಡಿನ ನಡುವೆ ಬಂದು ಉಳಿಯಿತು. ಈಗ ಕುಶಲಾಳ ಹೊಡೆತಕ್ಕೆ ಎರಡು ಬೆರಳು ದೂರ ನಿಂತಿದ್ದ ಕಾಯಿ ಬಿತ್ತು. ಬಾಯಲ್ಲಿದ್ದ ಕೊನೆಯದನ್ನು, ಮಗುವೂ ಹಾಕಬಹುದಾದ್ದನ್ನು, ಹೊಡೆಯುವಾಗ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಬಿದ್ದ ಸದ್ದು ಕೇಳಿಸಲಿಲ್ಲ. ಬಲೆಯೊಳಗೆ ಕೈ ಹಾಕಿ ಮುಟ್ಟಿ ನೋಡಿಕೊಂಡಳು.

ಫೈನಲ್ ಮೂರು ಅಂಕದಲ್ಲಿ ಕೈತಪ್ಪಿತು. ಆದರೆ ಇಬ್ಬರು ಫೈನಲಿಸ್ಟರಿಗೂ ರಾಜ್ಯಮಟ್ಟದಲ್ಲಿ ಜಾಗವಿತ್ತು. ಬುಧವಾರ ಅಂಗಡಿಯಲ್ಲಿದ್ದಾಗ ರಾಜ್ಯ ಪಂದ್ಯದ ಮೊದಲ ಸುತ್ತಿನ ಪಟ್ಟಿ ಫೋನಿಗೆ ಬಂತು. ಎದುರಾಳಿ ಹೋದ ವರ್ಷದ ಚಾಂಪಿಯನ್ ಎಂದು ನೋಡಿ ಅವಳು ಫೋನನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದಳು. ಸಂಜೆ ತೆಗೆದು ಮಾಸ್ಟ್ರಿಗೆ ಕರೆ ಮಾಡಿದಳು.

"ಭಾನುವಾರದವರೆಗೆ ಕಾಯ್ಲಿಕ್ಕೆ ಆಗುದಿಲ್ಲ ಮಾಸ್ಟ್ರೇ. ನಾಳೆಯೇ ಬರ್ತೇನೆ."