ಗ್ರಹಣಕ್ಕೆ ಕತ್ತರಿಸಿದ ಸ್ಕ್ಯಾನ್

ನನ್ನ ಹೊಟ್ಟೆಯ ಸ್ಕ್ಯಾನ್ ಫಿಲ್ಮನ್ನು ಕಣ್ಣಿಗೆ ಹಿಡಿದುಕೊಂಡು ಹೊಸ ತಿಪ್ಪಸಂದ್ರದ ನಮ್ಮ ಬೀದಿಯವರು ಸೂರ್ಯಗ್ರಹಣ ನೋಡಿದರು. ಕತ್ತರಿಸಿ ಹಂಚಿದವರು ನನ್ನ ಯಜಮಾನರು. ಹಂಚಿ ಎಂದವಳು ನಾನೇ. ತೊಂಬತ್ತರ ದಶಕದ ಮಾತು ಇದು. ಎಕ್ಸ್‌ರೇ ಫಿಲ್ಮಿನಲ್ಲಿ ನೋಡಿದರೆ ಕಣ್ಣಿಗೆ ಏನೂ ಆಗುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಈಗ ಹಾಗೆ ಮಾಡಿದರೆ ಕಣ್ಣಿನ ಡಾಕ್ಟರು ಬೈಯುತ್ತಾರೆ.

ಯಜಮಾನರು ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಹಿಸದ ಮನುಷ್ಯ. ಆ ದೊಡ್ಡ ಹಾಳೆಯಲ್ಲಿ ಇಪ್ಪತ್ತು ಚಿಕ್ಕ ಚಿತ್ರಗಳಿದ್ದವು. ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಿಂದ ಇಪ್ಪತ್ತು ತುಂಡು ಮಾಡಿದರು. ಪ್ರತಿ ತುಂಡಿನ ಮೂಲೆಯಲ್ಲಿದ್ದ ನನ್ನ ಹೆಸರನ್ನು ಕೆರೆದು ಅಳಿಸಿದರು. ನನಗೆ ಕರುಳಿನ ಕ್ಯಾನ್ಸರ್ ಆಗಿದ್ದ ವಿಷಯ ನಮ್ಮಿಬ್ಬರನ್ನು ಮತ್ತು ಅತ್ತೆಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆಪರೇಷನ್ನಿಗೆ ಅಪೆಂಡಿಕ್ಸ್ ಎಂದಿದ್ದೆವು. ಆಮೇಲಿನ ಇಂಜೆಕ್ಷನ್‌ಗಳಿಗೆ ರಕ್ತ ಕಡಿಮೆ ಎಂದಿದ್ದೆವು. ಈ ಫಿಲ್ಮು ಯಾರದ್ದೆಂದು ಕೇಳಿದವರಿಗೆ, ಯಜಮಾನರ ಮಂಡಿಯದು ಎಂದೆವು.

ಚಿಕಿತ್ಸೆ ಮುಗಿದ ಮೇಲಿನ ಮೊದಲ ಸ್ಕ್ಯಾನ್ ಅದು. ಡಾಕ್ಟರು "ಸರಿಯಿದೆ" ಎಂದಿದ್ದರು. ಸರಿಯಿದ್ದ ಮೇಲೆ ಅದನ್ನು ಇಟ್ಟುಕೊಂಡು ಪೂಜೆ ಮಾಡಬೇಕೇ? ಗ್ರಹಣ ಬಿಡುವವರೆಗೂ ಹೊಸಿಲು ದಾಟದ ನನ್ನ ಅತ್ತೆ ಕೂಡ ಒಳಗಿನಿಂದಲೇ, "ಪೀಡೆ ತೊಲಗ್ಲಿ, ಎಲ್ಲಾ ಕೊಟ್ಬುಡಮ್ಮ" ಎಂದರು.

ಆರು ತಿಂಗಳಾದ ಮೇಲೆ ಮತ್ತೊಂದು ಸ್ಕ್ಯಾನ್ ಆಗಬೇಕಿತ್ತು. ಕಾರ್ಖಾನೆಯ ಆಸ್ಪತ್ರೆಯವರು ಚೀಟಿ ಬರೆದುಕೊಟ್ಟರೆ, ಅದನ್ನು ಹಿಡಿದುಕೊಂಡು ಶಿವಾಜಿನಗರದ ಕಡೆಯ ದೊಡ್ಡ ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡಿಕೊಳ್ಳಬೇಕು. ನನಗೆ ಶುಕ್ರವಾರ ಸಿಕ್ಕಿತ್ತು. ಮಂಗಳವಾರ ಚೀಟಿಗೆ ಆ ದೊಡ್ಡ ಆಸ್ಪತ್ರೆಯ ಮೊಹರು ಹಾಕಿಸಲು ಹೋದಾಗ ಕೌಂಟರಿನ ಹೆಂಗಸು ಹಳೆಯ ರಿಪೋರ್ಟನ್ನು ಓದಿದಳು. ಇಂಗ್ಲಿಷಿನಲ್ಲಿದ್ದ ಅದನ್ನು ನಾವು ಮಡಿಸಿ ಇಟ್ಟಿದ್ದೆವೇ ಹೊರತು ಓದಿರಲಿಲ್ಲ.

"ಲಿವರ್ ಮೇಲೆ ಸಣ್ಣ ಕಲೆ ಇದೆ ಅಂತ ಬರ್ದಿದಾರೆ ನೋಡಮ್ಮಾ. ಹಳೇದ್ರ ಪಕ್ಕ ಇಟ್ಟು ನೋಡಿದ್ರೇನೇ ಬೆಳೆದಿದ್ಯಾ ಇಲ್ವಾ ಅಂತ ಗೊತ್ತಾಗೋದು. ಹಳೇ ಫಿಲ್ಮ್ ಇಲ್ದೆ ಬಂದ್ರೆ ಒಳಗೆ ಬಿಡಲ್ಲ. ಈ ಡೇಟ್ ತಪ್ಪಿದ್ರೆ ಇನ್ನೆರಡು ತಿಂಗ್ಳು ಕಾಯ್ಬೇಕು."

ಒಳಗೆ ಒಂದು ಕಲೆಯನ್ನಿಟ್ಟುಕೊಂಡು ಎರಡು ತಿಂಗಳು! ಬಸ್ಸು ಹಲಸೂರು ದಾಟುವವರೆಗೂ ತುಂಡುಗಳು ಯಾರ್ಯಾರ ಮನೆಗೆ ಹೋಗಿದ್ದವೆಂದು ಬೆರಳು ಮಡಚಿ ಎಣಿಸುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಕಥೆ. ಆದರೆ ಅಳುತ್ತ ಕೂರುವ ಜಾಯಮಾನ ನನ್ನದಲ್ಲ. ಬಸ್ಸಿಳಿದವಳು ಮನೆಗೂ ಹೋಗದೆ ನೇರವಾಗಿ ಹಿಟ್ಟಿನ ಗಿರಣಿಗೆ ಹೋದೆ. ಮೊದಲ ತುಂಡನ್ನು ಕೊಟ್ಟಿದ್ದು ಗಿರಣಿಯ ಅಕ್ಕನಿಗೆ.

ಗಿರಣಿ ಓಡುತ್ತಿತ್ತು. ಆರು ಹೆಂಗಸರು ಡಬ್ಬ ಸಾಲಾಗಿಟ್ಟುಕೊಂಡು ಕಾಯುತ್ತಿದ್ದರು. ಆ ಸದ್ದಿನಲ್ಲಿ ಕೂಗದೆ ಮಾತಿಲ್ಲ.

"ಅಕ್ಕಾ, ಗ್ರಹಣದ ಫಿಲ್ಮ್ ವಾಪಸ್ ಬೇಕಿತ್ತು!"

"ಇನ್ನೊಂದ್ ಗ್ರಹಣಕ್ಕಾಗ್ಲಿ ಅಂತ ಎತ್ತಿಟ್ಟಿದೀನಿ ಕಣೇ! ನಿನ್ ಗಂಡನ ಮಂಡಿ ಕಟ್ಕೊಂಡು ಈಗೇನ್ ಮಾಡ್ತೀಯ?"

ಹೊಸದೊಂದು ಸುಳ್ಳು ಹುಡುಕಿದೆ. ಸಿಗಲಿಲ್ಲ. ಸಿಟ್ಟು ನೆತ್ತಿಗೇರಿತು.

"ಮಂಡೀದಲ್ಲ, ನನ್ ಹೊಟ್ಟೇದು! ನಂಗೆ ಕ್ಯಾನ್ಸರ್ ಆಗಿತ್ತು! ಅದಿಲ್ದಿದ್ರೆ ಶುಕ್ರವಾರ ಸ್ಕ್ಯಾನ್ ಮಾಡಲ್ವಂತೆ!"

ಅಕ್ಕ ಗಿರಣಿ ನಿಲ್ಲಿಸಿದಳು. ಮುಖದ ತುಂಬ ಹಿಟ್ಟು ಮೆತ್ತಿಕೊಂಡೇ ನನ್ನನ್ನು ದಿಟ್ಟಿಸಿದಳು. "ಒಂದ್ ವರ್ಷದಿಂದ ನನ್ ಮುಂದೆ ಕೂತು ಅಪೆಂಡಿಕ್ಸು ಅಪೆಂಡಿಕ್ಸು ಅಂತಿದ್ದೆಯಲ್ಲೇ! ನಾನೇನ್ ನಿನ್ನ ತಿಂದ್ಬಿಡ್ತಿದ್ನಾ?" ಎಂದು ಬೈಯುತ್ತಲೇ ಒಳಗೆ ಹೋಗಿ ತುಂಡು ತಂದು ಕೈಗಿಟ್ಟಳು. ಡಬ್ಬ ಇಟ್ಟುಕೊಂಡಿದ್ದವರಲ್ಲಿ ಮೂವರು ಸಾಲು ಬಿಟ್ಟು ತಮ್ಮ ತುಂಡು ತರಲು ಮನೆಗೆ ಓಡಿದರು.

ಆಮೇಲೆ ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಸುದ್ದಿ ನನಗಿಂತ ಮುಂದೆ ಹೋಗುತ್ತಿತ್ತು. ಕೆಲವು ಮನೆಗಳಲ್ಲಿ ತುಂಡು ಹಿಡಿದುಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದರು. ಒಂದು ದೇವರ ಪಟದ ಹಿಂದೆ ಇತ್ತು, ಒಂದು ಒಡೆದ ಬಚ್ಚಲ ಕಿಟಕಿಗೆ ಅಂಟಿಕೊಂಡಿತ್ತು. ಒಂದಂತೂ ನಮ್ಮ ಬೀದಿಯ ಅಡುಗೆ ಕೆಲಸದಾಕೆಯ ಜೊತೆ ಇಂದಿರಾನಗರದ ಬಂಗಲೆಗೆ ಹೋಗಿ, ಅಲ್ಲಿನ ಯಜಮಾನರ ಪುಸ್ತಕದಲ್ಲಿ ಗುರುತಿನ ಹಾಳೆಯಾಗಿತ್ತು. ನಾನೂ ಅವಳೂ ಮಧ್ಯಾಹ್ನದ ಬಿಸಿಲಲ್ಲಿ ನಡೆದು ಹೋಗಿ ತಂದೆವು. ಒಬ್ಬಾಕೆ ಮಾತ್ರ ತುಂಡನ್ನು ನನ್ನ ಕೈಗೆ ಕೊಡದೆ ಜಗಲಿಯ ಮೇಲಿಟ್ಟು ಹಿಂದೆ ಸರಿದಳು. ಮೈಯೆಲ್ಲ ಉರಿಯಿತು. ಆದರೂ ಎತ್ತಿಕೊಂಡೆ, ಬೇಕಾದದ್ದು ತುಂಡು, ಅವಳಲ್ಲ.

ಭಯ ಹೋಗಿರಲಿಲ್ಲ. ಆದರೆ ಒಂದೊಂದು ಸಿಕ್ಕಾಗಲೂ ಲಾಟರಿ ಹೊಡೆದಷ್ಟು ಖುಷಿ! ಬೀದಿಯವರೂ "ಎಷ್ಟಾಯ್ತು, ಎಷ್ಟಾಯ್ತು" ಎಂದು ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಿದ್ದರು. ಗುರುವಾರ ಸಂಜೆಗೆ ಹದಿನೆಂಟು ಕೈ ಸೇರಿದ್ದವು. ಉಳಿದ ಎರಡು ಯಾರ ಹತ್ತಿರ ಹೋದವೋ, ಯಾರಿಗೂ ನೆನಪಿರಲಿಲ್ಲ. ಕಲೆ ಇದ್ದದ್ದು ಯಾವುದರಲ್ಲಿ ಎಂಬುದೂ ನಮಗೆ ಗೊತ್ತಿರಲಿಲ್ಲ. ಯಜಮಾನರು ಹಿಟ್ಟು, ಗೋಂದು, ಕುಂಕುಮ ಎಲ್ಲ ಒರೆಸಿ, ಚಿತ್ರಗಳ ಮೇಲಿದ್ದ ನಂಬರಿನ ಪ್ರಕಾರ ಜೋಡಿಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಟೇಪು ಹಚ್ಚಿದರು.

ಶುಕ್ರವಾರ ಕೌಂಟರಿನ ಹೆಂಗಸು ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆದರೆ ಒಳಗೆ ಬಿಟ್ಟಳು! ಸ್ಕ್ಯಾನ್ ಮುಗಿದು, ಡಾಕ್ಟರು ಹಳೆಯದನ್ನೂ ಹೊಸದನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ನಮ್ಮ ಹಾಳೆಯ ಎರಡು ಖಾಲಿ ಜಾಗಗಳಲ್ಲಿ ಬರೀ ಬೆಳಕು.

"ಹೆಸರೆಲ್ಲಿ ಹೋಯ್ತು?" ಎಂದು ಡಾಕ್ಟರು ಕೇಳಿದರು.

"ಕೆರೆದ್ಬಿಟ್ಟೆ ಸಾರ್. ಜನಕ್ಕೆ ಗೊತ್ತಾಗ್ಬಾರ್ದು ಅಂತ," ಎಂದರು ಯಜಮಾನರು, ತಲೆ ತಗ್ಗಿಸಿ.

ಡಾಕ್ಟರ ಬೆರಳು ಒಂದೊಂದೇ ತುಂಡಿನ ಮೇಲೆ ಸರಿಯುತ್ತ ಹೋಯಿತು. ಖಾಲಿ ಜಾಗ ಬಂದಾಗ ನಾನು ಯಜಮಾನರ ತೋಳು ಹಿಡಿದುಕೊಂಡೆ. ಬೆರಳು ಅದನ್ನು ದಾಟಿ ಮುಂದಿನ ತುಂಡಿನ ಮೇಲೆ ನಿಂತಿತು.

"ಇಲ್ಲಿದೆ ನೋಡಿ. ಆಗ್ಲೂ ಇಷ್ಟೇ, ಈಗ್ಲೂ ಇಷ್ಟೇ. ಬೆಳೆದಿಲ್ಲ. ಆರು ತಿಂಗ್ಳು ಬಿಟ್ಟು ಬನ್ನಿ."

ಸಂಜೆ ಬಸ್ಸು ನಮ್ಮ ಮಾರ್ಕೆಟ್ ರಸ್ತೆಗೆ ತಿರುಗಿದಾಗ ಗಿರಣಿಯ ಮುಂದೆ ಏಳೆಂಟು ಜನ ನಿಂತಿರುವುದು ಕಂಡಿತು. ನಾನಿನ್ನೂ ಸೀಟಿನಿಂದ ಏಳುತ್ತಿದ್ದೆ. ಅಷ್ಟರಲ್ಲಿ ಎಂದೂ ದನಿ ಎತ್ತದ ನನ್ನ ಯಜಮಾನರು ಬಾಗಿಲಿಗೆ ಹೋಗಿ, ಬಸ್ಸು ನಿಲ್ಲುವ ಮೊದಲೇ ಇಡೀ ರಸ್ತೆಗೆ ಕೇಳುವಂತೆ ನನ್ನ ಹೆಸರನ್ನು ಕೂಗಿ, ಅದರ ಬೆನ್ನಿಗೇ ಹೇಳಿದರು: "ಅವಳ ಕ್ಯಾನ್ಸರ್ ಬೆಳೆದಿಲ್ವಂತೆ!"